ಮೋಡಕ್ಕೂ ಒಂದು ಲೆಕ್ಕವಿದೆ

ಡಿಗ್ರಿ ಮುಗಿದು ಎಂಟು ತಿಂಗಳಾಯಿತು. ಬ್ಯಾಂಕ್ ಪರೀಕ್ಷೆಗೆ ಅರ್ಜಿ ಹಾಕು ಎಂದು ಮನೆಯಲ್ಲಿ ಹೇಳುತ್ತಲೇ ಇದ್ದಾರೆ. ನಾನು ಮಾತ್ರ ಲ್ಯಾಪ್‌ಟಾಪ್ ಮುಂದೆ ಕೂತು ಮೋಡ ಮಾಡುತ್ತಿರುತ್ತೇನೆ. ವಿಎಫ್‌ಎಕ್ಸ್ ಕೆಲಸ ಸಿಗಬೇಕೆಂದರೆ ಕೈಯಲ್ಲಿ ಒಳ್ಳೆಯ ಪೋರ್ಟ್‌ಫೋಲಿಯೊ ಇರಬೇಕು. ನನ್ನದು ಬೆಟ್ಟ, ಕಣಿವೆ, ಆಕಾಶದ ದೃಶ್ಯಗಳು. ಕಲಿಯುತ್ತಿರುವುದು ಟೆರಾಜೆನ್ ಎಂಬ ಸಾಫ್ಟ್‌ವೇರ್‌ನಲ್ಲಿ. ವಾಣಿಜ್ಯೇತರ ಬಳಕೆಗೆ ಅದರ ಉಚಿತ ಆವೃತ್ತಿ ಇದೆ.

ಬೆಟ್ಟವನ್ನು ಹೇಗೋ ನಂಬಿಸಬಹುದು. ಆದರೆ ಆಕಾಶ ಸುಳ್ಳಾದರೆ ನೋಡುವವರಿಗೆ ತಕ್ಷಣ ಗೊತ್ತಾಗುತ್ತದೆ. ಮೋಡದ ಎತ್ತರ, ದಪ್ಪ, ಸಾಂದ್ರತೆ, ಅಂಚಿನ ಚೂಪು, ಹರವು ಎಲ್ಲಕ್ಕೂ ಒಂದೊಂದು ಅಂಕಿ ಕೊಡಬೇಕು. ಚೆಂದ ಕಾಣುವವರೆಗೂ ಸ್ಲೈಡರ್ ಎಳೆಯುತ್ತಾ ಹೋಗಬಹುದು. ಆದರೆ ನನ್ನ ಹಳೆಯ ಲ್ಯಾಪ್‌ಟಾಪ್‌ಗೆ ಒಂದು ರೆಂಡರ್ ಮುಗಿಸಲು ಇಡೀ ರಾತ್ರಿ ಬೇಕು. ಹಾಗಾಗಿ ಊಹೆ ಬಿಟ್ಟು ಹವಾಮಾನದ ಪಾಠ ಓದಿದೆ.

ಕ್ಯುಮುಲಸ್, ಸ್ಟ್ರೇಟಸ್, ಸಿರಸ್ ಎಂಬ ಹೆಸರುಗಳನ್ನು 1803ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಕೊಟ್ಟವರು ಇಂಗ್ಲೆಂಡಿನ ಲ್ಯೂಕ್ ಹೋವರ್ಡ್. ಹತ್ತಿಯ ರಾಶಿಯಂಥ ಕ್ಯುಮುಲಸ್‌ನಲ್ಲಿರುವುದು ನೀರಿನ ಹನಿಗಳು. ಅದರ ಅಂಚು ಸ್ಪಷ್ಟ, ತಳ ಸಮತಟ್ಟು. ಹಿಮದ ಹರಳುಗಳ ಸಿರಸ್ ಇರುವುದು ಸಾಮಾನ್ಯವಾಗಿ 6,000 ಮೀಟರ್‌ಗಿಂತ ಮೇಲೆ. ಅದು ತೆಳು, ಅಂಚು ಮಸುಕು. ಅಂದರೆ ಮೊದಲನೆಯದಕ್ಕೆ ಸಾಂದ್ರತೆ ಮತ್ತು ಅಂಚಿನ ಚೂಪು ಹೆಚ್ಚಿಸಬೇಕು, ಎರಡನೆಯದಕ್ಕೆ ಎರಡನ್ನೂ ಇಳಿಸಬೇಕು.

ಎತ್ತರಕ್ಕೂ ಒಂದು ಸರಳ ಸೂತ್ರವಿದೆ. ಗಾಳಿಯ ತಾಪಮಾನದಿಂದ ಇಬ್ಬನಿ ಬಿಂದುವನ್ನು ಕಳೆದು 125ರಿಂದ ಗುಣಿಸಿದರೆ ಕ್ಯುಮುಲಸ್‌ನ ತಳ ನೆಲದಿಂದ ಸುಮಾರು ಎಷ್ಟು ಮೀಟರ್ ಮೇಲಿರುತ್ತದೆ ಎಂದು ಸಿಗುತ್ತದೆ. 30 ಡಿಗ್ರಿ ಬಿಸಿಲು, ಇಬ್ಬನಿ ಬಿಂದು 22 ಇದ್ದರೆ 1,000 ಮೀಟರ್. ದೃಶ್ಯದ ನೆಲವೇ ಬೆಂಗಳೂರಿನಂತೆ ಸಮುದ್ರಮಟ್ಟದಿಂದ 900 ಮೀಟರ್ ಮೇಲಿದ್ದರೆ ಅದನ್ನೂ ಕೂಡಿಸಿ, 1,900.

ರೆಂಡರ್ ಮಾಡುವಾಗ ಒಂದು ಸಲಕ್ಕೆ ಒಂದೇ ಅಂಕಿ ಬದಲಿಸುತ್ತೇನೆ. ಪೂರ್ತಿ ಚಿತ್ರದ ಬದಲು ಒಂದು ಮೂಲೆಯನ್ನಷ್ಟೇ ಕ್ರಾಪ್ ಮಾಡಿ ನೋಡುತ್ತೇನೆ. ಮೋಡದಲ್ಲಿ ಮರಳು ಚೆಲ್ಲಿದಂತೆ ಚುಕ್ಕಿಗಳು ಕಂಡರೆ ಸ್ಯಾಂಪಲ್ ಸಾಲದು ಎಂದರ್ಥ. ಅವನ್ನು ಏರಿಸಿದಷ್ಟೂ ಸಮಯವೂ ಏರುತ್ತದೆ. ಅದಕ್ಕೇ ಆಕಾರ, ಬೆಳಕು ಎಲ್ಲ ಸರಿಹೋದ ಮೇಲೆ ಕೊನೆಯಲ್ಲಿ ಮಾತ್ರ ಸ್ಯಾಂಪಲ್ ಹೆಚ್ಚಿಸುವುದು.

ಕಳೆದ ತಿಂಗಳು ಒಂದು ಸಂದರ್ಶನದಲ್ಲಿ ಚಿತ್ರ ನೋಡಿದವರು, ‘ಈ ಮೋಡ ಇಷ್ಟೇ ಎತ್ತರದಲ್ಲಿ ಯಾಕಿದೆ?’ ಎಂದು ಕೇಳಿದರು. ಕಾಗದ ತೆಗೆದು ಲೆಕ್ಕ ಬರೆದು ತೋರಿಸಿದೆ. ಆಮೇಲೆ ಇಪ್ಪತ್ತು ನಿಮಿಷ ಮಾತು ನಡೆದಿದ್ದು ಆ ಒಂದು ಚಿತ್ರದ ಬಗ್ಗೆಯೇ. ಫಲಿತಾಂಶ ಇನ್ನೂ ಬಂದಿಲ್ಲ. ಆದರೆ ನನ್ನ ಸರ್ಟಿಫಿಕೇಟ್‌ಗಳ ಬಗ್ಗೆ ಯಾರೂ ಅಷ್ಟು ಹೊತ್ತು ಮಾತಾಡಿರಲಿಲ್ಲ. ನೀವೂ ಪೋರ್ಟ್‌ಫೋಲಿಯೊ ಮಾಡುತ್ತಿದ್ದರೆ, ಪ್ರತಿ ಚಿತ್ರದ ಹಿಂದಿರುವ ಅಂಕಿಗಳನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ‘ಯಾಕೆ’ ಎಂದು ಕೇಳಿದಾಗ ಕೈಗೆ ಬರುವುದು ಅದೇ.