ಕೈಕತ್ತಿಗೆ ತೊಗಲಿನ ಒರೆ: ಹೊಸಬರು ಮಾಡಿಕೊಳ್ಳುವ ಕ್ರಮ

ಸಿರುಗುಪ್ಪದ ಸೀಮೆಯು ನೀರಾವರಿಗೆ ಹೆಸರಾದುದು. ವಿಜಯನಗರದ ಅರಸರ ಕಾಲದ ಸಿರುಗುಪ್ಪ, ದೇಶನೂರು ಕಾಲುವೆಗಳಿಂದಲೂ, 1953ರ ತರುವಾಯ ತುಂಗಭದ್ರಾ ಜಲಾಶಯದ ನೀರಿನಿಂದಲೂ ಇಲ್ಲಿ ಭತ್ತದ ಬೇಸಾಯವು ನಡೆಯುತ್ತಿರುವುದು ಎಲ್ಲರಿಗೂ ತಿಳಿದ ವಿಷಯವೇ. ಈಗ ಕಟಾವಿನ ಬಹುಭಾಗವನ್ನು ಯಂತ್ರಗಳೇ ಮಾಡುತ್ತಿದ್ದರೂ, ಬದುವಿನ ಹುಲ್ಲು ಕೊಯ್ಯುವುದಕ್ಕೂ, ಯಂತ್ರವು ತಿರುಗಲಾರದ ಮೂಲೆಗಳನ್ನು ಬಿಡಿಸುವುದಕ್ಕೂ ಕೈಕತ್ತಿ, ಕುಡುಗೋಲುಗಳು ಬೇಕೇ ಬೇಕು. ಆಳುಗಳು ಇವನ್ನು ಬರಿದಾಗಿಯೇ ಸೊಂಟಕ್ಕೆ ಸಿಕ್ಕಿಸಿಕೊಂಡು ಜಾರುವ ಬದುಗಳ ಮೇಲೆ ನಡೆಯುವರು. ಕಾಲು ಜಾರಿದರೆ ಅಲಗು ತೊಡೆಗೋ ಹೊಟ್ಟೆಗೋ ತಗಲುವುದು. ಕೆಸರು ಸೋಂಕಿದ ಗಾಯದಿಂದ ಧನುರ್ವಾಯುವಿನಂತಹ ಪ್ರಾಣಾಪಾಯದ ರೋಗವು ಬರಬಹುದು. ಇಷ್ಟು ದೊಡ್ಡ ಕೇಡನ್ನು ಒಂದು ಗೇಣು ತೊಗಲು ತಪ್ಪಿಸಬಲ್ಲುದು. ನೇರವಾದ ಕೈಕತ್ತಿಗೆ ಒರೆಯನ್ನು ಮಾಡುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ತೊಗಲಿನ ಆಯ್ಕೆ.— ತೊಗಲನ್ನು ಹದಮಾಡುವ ಕ್ರಮಗಳಲ್ಲಿ ಎರಡು ಮುಖ್ಯವಾದುವು. ತಂಗಡಿಯ ತೊಗಟೆ, ಅಳಲೆಕಾಯಿ ಮುಂತಾದುವುಗಳಿಂದ ಮಾಡುವ ಹದವು ನಮ್ಮಲ್ಲಿ ಹಳೆಯದು. ಕ್ರೋಮ್ ಲವಣದಿಂದ ಮಾಡುವುದು ಹೊಸದು. ಬಳ್ಳಾರಿಯು ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ, ಆಲ್ಫ್ರೆಡ್ ಚಾಟರ್ಟನ್ ಎಂಬವರು ಮದ್ರಾಸಿನಲ್ಲಿ ಕ್ರೋಮ್ ಹದವನ್ನು ಪ್ರಯೋಗಿಸಿದರು. ಬಾವಿಯಿಂದ ನೀರೆತ್ತುವ ತೊಗಲಿನ ಬಾನಿಗಳು ಬೇಗ ಕೊಳೆಯದಿರಲೆಂಬುದು ಅವರ ಉದ್ದೇಶಗಳಲ್ಲೊಂದು. ನೀರಿನಲ್ಲಿ ಬಾಳುವ ಗುಣವು ಬಾನಿಗೆ ಒಳ್ಳೆಯದೇ. ಆದರೆ ಒರೆಗೆ ಬೇಕಾದುದು ಬೇರೆ ಗುಣ. ತೊಗಟೆಯ ಹದದ ತೊಗಲು ನೆನೆದಾಗ ಮೆತ್ತಗಾಗಿ, ಒತ್ತಿದ ಆಕಾರವನ್ನು ಹಿಡಿದು, ಒಣಗಿದ ಮೇಲೆ ಅದೇ ಆಕಾರದಲ್ಲಿ ಗಟ್ಟಿಯಾಗಿ ನಿಲ್ಲುವುದು. ಕ್ರೋಮ್ ತೊಗಲು ಹಾಗೆ ನಿಲ್ಲದು. ಕತ್ತರಿಸಿದ ಅಂಚನ್ನು ನೋಡಿ ಇವೆರಡನ್ನೂ ಬಹುಮಟ್ಟಿಗೆ ಗುರುತಿಸಬಹುದು: ತೊಗಟೆಯ ಹದದ್ದು ಒಳಗೂ ಕಂದು ಬಣ್ಣವಾಗಿರುವುದು, ಕ್ರೋಮಿನದು ಒಳಗೆ ನೀಲಿ ಬೆರೆತ ಬೂದಿಬಣ್ಣವಾಗಿರುವುದು. ತೊಗಲು ಸುಮಾರು 1/8 ಅಂಗುಲ ದಪ್ಪವಿರಬೇಕು.

ಅಳತೆ ಮತ್ತು ಕತ್ತರಿಕೆ.— ಮೊದಲು ದಪ್ಪ ಕಾಗದದಲ್ಲಿ ಮಾದರಿಯನ್ನು ಮಾಡತಕ್ಕದ್ದು. ಕಾಗದವನ್ನು ಉದ್ದಕ್ಕೆ ಮಡಿಸಿ, ಕತ್ತಿಯ ಬೆನ್ನನ್ನು ಮಡಿಕೆಗೆ ತಾಗಿಸಿಟ್ಟು, ಅಲಗಿನ ಸುತ್ತ ಗೆರೆ ಎಳೆದು, ಬಾಯಿಯ ಕಡೆಯಲ್ಲಿ ಒಂದೂವರೆ ಅಂಗುಲ ಹಿಡಿಯೂ ಒಳಗೆ ಸೇರುವಂತೆ ಉದ್ದವನ್ನು ಇಡಬೇಕು. ಬಾಯ ಹೊರಗಿನ ಕಡೆ ತೆರೆದೇ ಇರುವುದು. ಬಾಯಿಯ ಕಡೆಯನ್ನು ಬಿಟ್ಟು ಉಳಿದೆಡೆ ಗೆರೆಯಿಂದ ಹೊರಕ್ಕೆ ಮುಕ್ಕಾಲು ಅಂಗುಲವನ್ನು ಬಿಟ್ಟು ಕತ್ತರಿಸುವುದು. ಕಾಗದದ ಒರೆಯಲ್ಲಿ ಕತ್ತಿಯು ಸರಿಯಾಗಿ ಕುಳಿತ ಮೇಲೆಯೇ ತೊಗಲಿಗೆ ಕೈಹಾಕಬೇಕು. ಕಾಗದ ಕೆಟ್ಟರೆ ನಷ್ಟವಿಲ್ಲ. ತೊಗಲು ಕೆಟ್ಟರೆ ಹಣ ಹೋಯಿತು. ಸೊಂಟಪಟ್ಟಿ ತೂರುವ ಕುಣಿಕೆಯನ್ನು ಒರೆಯ ಬೆನ್ನಿಗೆ ಈಗಲೇ ಹೊಲಿಯತಕ್ಕದ್ದು. ಒರೆ ಮುಚ್ಚಿದ ಮೇಲೆ ಒಳಗೆ ಸೂಜಿ ಹೋಗದು.

ನಡುಪಟ್ಟಿ.— ಹೊಸಬರು ಮರೆಯುವುದೂ, ಎಲ್ಲಕ್ಕಿಂತ ಮುಖ್ಯವಾದುದೂ ಇದೇ. ಎರಡು ಪದರಗಳನ್ನು ನೇರವಾಗಿ ಸೇರಿಸಿ ಹೊಲಿದರೆ, ಕತ್ತಿಯನ್ನು ಹಾಕಿ ತೆಗೆಯುವಾಗಲೆಲ್ಲ ಬಾಯಿಯು ದಾರವನ್ನೇ ಸವೆಸುವುದು. ಒಂದು ದಿನ ಹೊಲಿಗೆ ಕಡಿದು, ಒರೆಯನ್ನು ನಂಬಿದವನ ತೊಡೆಗೇ ಅಲಗು ಇಳಿಯುವುದು. ಆದುದರಿಂದ ಅರ್ಧ ಅಂಗುಲ ಅಗಲದ ಅದೇ ತೊಗಲಿನ ಪಟ್ಟಿಯೊಂದನ್ನು ಎರಡು ಪದರಗಳ ನಡುವೆ, ಹೊಲಿಗೆ ಬೀಳುವ ಅಂಚಿನುದ್ದಕ್ಕೂ, ಅಂಟಿನಿಂದ ಕೂರಿಸಬೇಕು. ಆಗ ಬಾಯಿಯು ಪಟ್ಟಿಗೆ ತಾಗುವುದೇ ಹೊರತು ದಾರವನ್ನು ಮುಟ್ಟದು. ತುದಿಯಲ್ಲಿ ಪಟ್ಟಿಯನ್ನು ಸ್ವಲ್ಪ ಬಿಟ್ಟು ಸಣ್ಣ ಕಂಡಿಯನ್ನು ಇಟ್ಟರೆ, ಒಳಗೆ ಸೇರಿದ ನೀರು ಇಳಿದು ಹೋಗುವುದು.

ಹೊಲಿಗೆ.— ಅಂಚಿನಿಂದ ಕಾಲಂಗುಲ ಒಳಕ್ಕೆ ಗೆರೆ ಎಳೆದು, ಅಂಗುಲಕ್ಕೆ ಆರರಂತೆ ಉಳಿಯಿಂದ ತೂತುಗಳನ್ನು ಮಾಡುವುದು. ಹೊಲಿಗೆಯ ಉದ್ದದ ನಾಲ್ಕೈದು ಪಟ್ಟು ಗಟ್ಟಿ ದಾರವನ್ನು ತೆಗೆದುಕೊಂಡು, ಜೇನುಮೇಣವನ್ನು ತೀಡಿ, ಎರಡು ತುದಿಗೂ ಒಂದೊಂದು ಸೂಜಿಯನ್ನು ಪೋಣಿಸಬೇಕು. ಪ್ರತಿಯೊಂದು ತೂತಿನಲ್ಲಿಯೂ ಎರಡು ಸೂಜಿಗಳು ಎದುರುಬದುರಾಗಿ ಹಾಯಬೇಕು. ಹೀಗೆ ಹೊಲಿದಲ್ಲಿ ಒಂದು ಕಡೆಯ ದಾರ ಸವೆದು ಹರಿದರೂ ಮತ್ತೊಂದು ಕಡೆಯದು ಹಿಡಿದುಕೊಂಡಿರುವುದು. ಕೊನೆಯಲ್ಲಿ ಮೂರು ತೂತು ಹಿಂದಕ್ಕೆ ಹೊಲಿದು ದಾರವನ್ನು ಕತ್ತರಿಸುವುದು.

ಆಕಾರ ಮತ್ತು ಮೆರುಗು.— ಒರೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ, ಗುಳ್ಳೆಗಳು ಏಳುವುದು ನಿಲ್ಲುವವರೆಗೆ ಅದ್ದಿ ತೆಗೆಯಬೇಕು. ಕತ್ತಿಗೆ ಎಣ್ಣೆ ಸವರಿ, ತೆಳ್ಳನೆಯ ಪ್ಲಾಸ್ಟಿಕ್ ಹಾಳೆಯನ್ನು ಸುತ್ತಿ ಒಳಗಿಟ್ಟು, ಹಿಡಿಯ ಸುತ್ತ ಬೆರಳುಗಳಿಂದ ಒತ್ತಿದರೆ ತೊಗಲು ಆ ಆಕಾರವನ್ನು ಹಿಡಿಯುವುದು. ಬಳಿಕ ಕತ್ತಿಯನ್ನು ತೆಗೆದು, ಒರೆಯನ್ನು ನೆರಳಿನಲ್ಲಿ ಒಣಗಿಸತಕ್ಕದ್ದು. ಬಿಸಿಲಿಗಾಗಲಿ ಒಲೆಯ ಬಳಿಯಲ್ಲಾಗಲಿ ಇಡಕೂಡದು. ತೊಗಲು ಸೆಟೆದು ಬಿರಿಯುವುದು. ಒಣಗಿದ ಮೇಲೆ ಅಂಚನ್ನು ಉಜ್ಜುಕಾಗದದಿಂದ ಸಮಮಾಡಿ, ತುಸು ನೀರು ಸವರಿ, ನುಣುಪಾದ ಕಟ್ಟಿಗೆಯಿಂದ ಹೊಳಪು ಬರುವವರೆಗೆ ತಿಕ್ಕಿ, ಜೇನುಮೇಣವನ್ನು ಹಚ್ಚುವುದು. ಹೊರಮೈಗೆ ಹರಳೆಣ್ಣೆಯನ್ನು ಬಟ್ಟೆಯಿಂದ ತೆಳ್ಳಗೆ ಸವರಿದರೆ ಸಾಕು. ಹೆಚ್ಚಾದರೆ ತೊಗಲು ಮೆತ್ತಗಾಗಿ ಒರೆಯು ಸಡಿಲಗೊಳ್ಳುವುದು.

ಎಚ್ಚರಿಕೆ.— ಒರೆಯು ಕತ್ತಿಯನ್ನು ಒಯ್ಯುವುದಕ್ಕೇ ಹೊರತು ಕೂಡಿಡುವುದಕ್ಕಲ್ಲ. ತೊಗಲು ತೇವವನ್ನು ಹೀರಿಟ್ಟುಕೊಳ್ಳುವುದು. ತೊಗಟೆಯ ಒಗರು ಕಬ್ಬಿಣವನ್ನು ಕಪ್ಪಾಗಿಸುವುದು. ಕೆಲಸ ಮುಗಿದೊಡನೆ ಅಲಗನ್ನು ಒರಸಿ, ಎಣ್ಣೆ ಸವರಿ, ಹೊರಗೆಯೇ ಇಡಬೇಕು. ಕುಡುಗೋಲಿನ ಬಾಗಿದ ಅಲಗಿಗೆ ಈ ಒರೆ ಹೊಂದದು. ಅದಕ್ಕೆ ಬಾಯಿಯನ್ನು ಮಾತ್ರ ಮುಚ್ಚುವ ಮಡಿಸಿದ ಪಟ್ಟಿಯನ್ನು ಮಾಡಿ ಬಾರಿನಿಂದ ಕಟ್ಟಬಹುದು. ಇಷ್ಟಾಗಿಯೂ ಗಾಯವಾದಲ್ಲಿ ಮಣ್ಣು, ಸುಣ್ಣಗಳನ್ನು ಹಚ್ಚದೆ, ಶುದ್ಧವಾದ ನೀರು ಸಾಬೂನುಗಳಿಂದ ತೊಳೆದು, ಬಟ್ಟೆಯಿಂದ ಒತ್ತಿಹಿಡಿದು, ಅಂದೇ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.

ಹಿಂದೆ ಬಾನಿ, ಮಿಣಿಗಳನ್ನು ಮಾಡಿಕೊಟ್ಟವರಿಗೆ ಸುಗ್ಗಿಯ ಕಣದಲ್ಲಿ ಆಯದ ಕಾಳನ್ನು ಅಳೆದುಕೊಡುವ ವಾಡಿಕೆಯಿತ್ತು. ಬಾವಿಗೆ ಪಂಪು ಬಂದು ಬಾನಿ ಹೋಯಿತು. ಕೈಕಸಬು ತಿಳಿದವರು ಕೆಲವು ಊರುಗಳಲ್ಲಿ ಇನ್ನೂ ಇರುವರು. ಮೊದಲ ಒರೆಯನ್ನು ಅವರ ಬಳಿಯಲ್ಲಿ ಕುಳಿತು ಕಲಿಯುವುದು ಲೇಸು; ಕಲಿಸಿದುದಕ್ಕೆ ಪೂರ್ಣವಾದ ಕೂಲಿಯನ್ನು ಹಣದಲ್ಲಿಯೇ ಕೊಡುವುದು ನ್ಯಾಯ. ಭೂಮಾಲೀಕರು ತಮ್ಮ ಆಳುಗಳಿಗೆ ಕತ್ತಿಯನ್ನು ಕೊಡುವಾಗ ಒರೆಯನ್ನೂ ಕೂಡಿಯೇ ಕೊಡುವುದಾದರೆ, ಊರಿನ ಮುಖಂಡರು ಮುಂದಿನ ಸುಗ್ಗಿಗೆ ಮೊದಲೇ ಇದನ್ನು ನಾಲ್ಕು ಮಂದಿಗೆ ತಿಳಿಸುವುದಾದರೆ, ಹಲವು ಸಂಸಾರಗಳ ದುಡಿಯುವ ಕೈಗಳು ಸುರಕ್ಷಿತವಾಗಿ ಉಳಿಯುವುವು.