ಶೀಗಿ ಹುಣ್ಣಿಮೆಯ ಬುತ್ತಿ

ಮಳೆಗಾಲ ಹಿಂದೆ ಸರಿದು ಆಕಾಶ ತಿಳಿಯಾಗುವ ಕಾಲವನ್ನು ನಮ್ಮ ಹಿರಿಯರು ಶರದೃತುವೆಂದು ಕರೆದರು. ಆಶ್ವಯುಜ ಮತ್ತು ಕಾರ್ತಿಕ ಮಾಸಗಳು ಅದರ ಅವಧಿ. ಬಾಗಲಕೋಟೆಯಿಂದ ಹುನಗುಂದದ ಕಡೆಗೆ ಹೋಗುವ ಹಾದಿಯಲ್ಲಿ ಸಿಕ್ಕುವ ಕಮತಗಿ ನೇಕಾರರ ಊರೆಂದು ಹೆಸರಾದದ್ದು. ಆದರೆ ಆಶ್ವಯುಜದ ಹುಣ್ಣಿಮೆಯ ದಿನ ಆ ಭಾಗದಲ್ಲಿ ಎಲ್ಲರ ಕಣ್ಣೂ ಹೊಲದ ಕಡೆಗೆ. ಅಂದು ಶೀಗಿ ಹುಣ್ಣಿಮೆ. ಪೈರು ತುಂಬಿ ನಿಂತ ಭೂಮಿಯನ್ನು ತುಂಬು ಬಸುರಿಯೆಂದು ಭಾವಿಸಿ, ಆಕೆಯ ಬಯಕೆ ತೀರಿಸಲು ಬಗೆಬಗೆಯ ಅಡುಗೆಗಳನ್ನು ಬುತ್ತಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗುತ್ತಾರೆ. ಹೊಲದ ಸುತ್ತ ಚರಗ ಚೆಲ್ಲಿ, ಬಳಿಕ ಮರದ ನೆರಳಿನಲ್ಲಿ ಒಟ್ಟಾಗಿ ಕುಳಿತು ಉಣ್ಣುತ್ತಾರೆ.

ಆ ಬುತ್ತಿಯನ್ನು ಬಿಚ್ಚಿ ನೋಡೋಣ. ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಪುಂಡಿಪಲ್ಯ, ಮಡಿಕೆಕಾಳಿನ ಉಸುಳಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಕೆನೆಮೊಸರು, ಶೇಂಗಾ ಹೋಳಿಗೆ. ಇವುಗಳಲ್ಲಿ ಒಂದೂ ಅಕಸ್ಮಾತ್ತಾಗಿ ಅಲ್ಲಿ ಸೇರಿದುದಲ್ಲ. ವರ್ಷಕ್ಕೆ 600 ಮಿಲಿಮೀಟರಿಗೂ ಕಡಮೆ ಮಳೆ ಬೀಳುವ ಈ ಬಯಲುಸೀಮೆಯಲ್ಲಿ ಸಜ್ಜೆ, ಎಳ್ಳು, ಶೇಂಗಾ, ಮಡಿಕೆ ಇವೇ ಮುಂಗಾರಿನ ನೆಚ್ಚಿನ ಬೆಳೆಗಳು. ಶರದೃತುವಿನ ಹೊತ್ತಿಗೆ ಹೊಸ ಫಸಲು ಮನೆಗೆ ಬರತೊಡಗುತ್ತದೆ. ಸಜ್ಜೆಯ ನಂಟು ನಮ್ಮ ನಾಡಿಗೆ ಇಂದಿನದಲ್ಲ. ಆಫ್ರಿಕದಲ್ಲಿ ಹುಟ್ಟಿದ ಈ ಧಾನ್ಯದ ಕರಕಾದ ಕಾಳುಗಳು ಹಾವೇರಿ ಜಿಲ್ಲೆಯ ಹಳ್ಳೂರಿನ ಪ್ರಾಚೀನ ನೆಲೆಯಲ್ಲಿ ದೊರೆತಿವೆ.

ಈ ಬುತ್ತಿಯ ಮಾತನ್ನು ವಿಜ್ಞಾನದ ಪತ್ರಿಕೆಯಲ್ಲಿ ಏಕೆ ಎತ್ತಿದೆವೆಂದು ವಾಚಕರು ಕೇಳಬಹುದು. 2019-21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 67 ಮಕ್ಕಳು ರಕ್ತಹೀನತೆಯುಳ್ಳವರು. ಇದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಮುಖ್ಯವಾದುದು ಆಹಾರದಲ್ಲಿ ಕಬ್ಬಿಣದ ಕೊರತೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಕೋಷ್ಟಕಗಳನ್ನು ತೆರೆದು ನೋಡಿದರೆ, 100 ಗ್ರಾಂ ಸಜ್ಜೆಯಲ್ಲಿ 6 ಮಿಲಿಗ್ರಾಂಗೂ ಹೆಚ್ಚು ಕಬ್ಬಿಣವಿದೆ. ಅಷ್ಟೇ ತೂಕದ ಪಾಲಿಶು ಮಾಡಿದ ಅಕ್ಕಿಯಲ್ಲಿ ಒಂದು ಮಿಲಿಗ್ರಾಂ ಸಹ ಇಲ್ಲ. ಆದರೂ ಮಕ್ಕಳು ಸಜ್ಜೆಯ ರೊಟ್ಟಿಯನ್ನು ಕಂಡು ಮುಖ ತಿರುಗಿಸುವುದನ್ನೂ, “ಕಹಿ” ಎಂದು ತಟ್ಟೆ ಸರಿಸುವುದನ್ನೂ ನಾವು ಅನೇಕ ಮನೆಗಳಲ್ಲಿ ಕಾಣುತ್ತೇವೆ. ಮಗುವಿನದು ಬರಿಯ ಹಟವೆಂದು ಗದರಿಸುವ ಮೊದಲು, ಅದು ಹೇಳಿದ ಮಾತನ್ನು ಸ್ವಲ್ಪ ಪರೀಕ್ಷಿಸೋಣ.

ಕಹಿ ಎಲ್ಲಿಂದ ಬಂತು?

ಸಜ್ಜೆಯಲ್ಲಿ ನೂರಕ್ಕೆ ಸುಮಾರು ಐದು ಪಾಲು ಕೊಬ್ಬು ಇದೆ. ಜೋಳದಲ್ಲಿ ಎರಡು ಪಾಲೂ ಇಲ್ಲ. ಈ ಕೊಬ್ಬಿನ ಬಹುಭಾಗ ಕಾಳಿನ ಮೊಳಕೆಯ ಭಾಗದಲ್ಲಿದೆ. ಅದೇ ಕಾಳಿನಲ್ಲಿ ಕೊಬ್ಬನ್ನು ಒಡೆಯುವ ಲೈಪೇಸ್ ಎಂಬ ಕಿಣ್ವವೂ ಉಂಟು. ಕಾಳು ಇಡಿಯಾಗಿರುವವರೆಗೆ ಇವೆರಡೂ ಬೇರೆ ಬೇರೆ ಕೋಣೆಗಳಲ್ಲಿ ತೆಪ್ಪಗಿರುತ್ತವೆ. ಬೀಸಿದೊಡನೆ ಗೋಡೆಗಳು ಮುರಿದು ಎರಡೂ ಒಂದಾಗುತ್ತವೆ. ಕಿಣ್ವವು ಕೊಬ್ಬನ್ನು ಒಡೆದು ಮೇದಾಮ್ಲಗಳನ್ನು ಬಿಡುಗಡೆ ಮಾಡುತ್ತದೆ. ಗಾಳಿಯ ಆಮ್ಲಜನಕವು ಅವನ್ನು ಇನ್ನಷ್ಟು ಕೆಡಿಸುತ್ತದೆ. ಹೀಗೆ ಕೆಲವೇ ದಿನಗಳಲ್ಲಿ ಹಿಟ್ಟು ಕಮಟಾಗಿ ಕಹಿಯೇರುತ್ತದೆ.

ಆದ್ದರಿಂದ, ತಿಂಗಳ ಹಿಂದೆ ಬೀಸಿಟ್ಟ ಹಿಟ್ಟಿನ ರೊಟ್ಟಿಯನ್ನು ಕಹಿಯೆಂದ ಮಗು ಸುಳ್ಳು ಹೇಳಿಲ್ಲ! ನಿತ್ಯವೂ ನಸುಕಿನಲ್ಲಿ ಬೀಸುಕಲ್ಲಿನ ಮುಂದೆ ಕುಳಿತು ಆ ದಿನದ ಹಿಟ್ಟನ್ನು ಆ ದಿನವೇ ಬೀಸಿಕೊಳ್ಳುತ್ತಿದ್ದ ನಮ್ಮ ಅಜ್ಜಿಯರಿಗೆ ಈ ತೊಂದರೆ ಇರಲಿಲ್ಲ. ಗಿರಣಿಯ ಕಾಲದಲ್ಲಿರುವ ನಾವು ಮೂರು ನಾಲ್ಕು ದಿನಗಳಿಗೆ ಸಾಲುವಷ್ಟನ್ನೇ ಬೀಸಿಸಬೇಕು. ಬೀಸುವ ಮೊದಲು ಕಾಳನ್ನು ಹದವಾಗಿ ಬಿಸಿಮಾಡಿದರೆ ಕಿಣ್ವದ ಶಕ್ತಿ ಕುಂದುತ್ತದೆ. ಹಿಟ್ಟು ಇನ್ನೂ ಕೆಲವು ದಿನ ಬಾಳುತ್ತದೆ.

ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ

ಹೊಸದಾಗಿ ಬೀಸಿದ ಹಿಟ್ಟು ಎರಡು ಬಟ್ಟಲು, ನೀರು ಸುಮಾರು ಒಂದೂಕಾಲು ಬಟ್ಟಲು, ಚಿಟಿಕೆ ಉಪ್ಪು, ನಾಲ್ಕು ಚಮಚ ಎಳ್ಳು. ಉಪ್ಪು ಹಾಕಿದ ನೀರನ್ನು ಕುದಿಸಿ, ಹಿಟ್ಟಿನ ನಡುವೆ ಗುಣಿ ಮಾಡಿ ಅದರಲ್ಲಿ ಸುರಿಯಬೇಕು. ಸೌಟಿನಿಂದ ಕಲಸಿ, ಕೈ ತಾಳುವಷ್ಟು ಆರಿದ ಕೂಡಲೆ ಚೆನ್ನಾಗಿ ನಾದಬೇಕು. ಮಕ್ಕಳಿಗಾಗಿ ನಿಂಬೆಹಣ್ಣಿನ ಗಾತ್ರದ ಉಂಡೆಗಳನ್ನು ಮಾಡಿ ಅಂಗೈಯಗಲಕ್ಕೆ ತಟ್ಟಿ, ಮೇಲೆ ಎಳ್ಳನ್ನು ಒತ್ತಿ, ಕಾದ ಹಂಚಿನ ಮೇಲೆ ಹಾಕಬೇಕು. ಮೇಲ್ಭಾಗವನ್ನು ಒದ್ದೆ ಬಟ್ಟೆಯಿಂದ ಸವರಿ, ತಿರುವಿಹಾಕಿ ಎರಡೂ ಕಡೆ ಬೇಯಿಸಬೇಕು. ತಟ್ಟುವ ಕೆಲಸವನ್ನು ಮಕ್ಕಳಿಗೇ ಒಪ್ಪಿಸಬಹುದು. ತಾನೇ ತಟ್ಟಿದ ರೊಟ್ಟಿಯನ್ನು ಯಾವ ಮಗುವೂ ಸುಲಭವಾಗಿ ಬಿಟ್ಟೇಳದು.

ಚಪಾತಿಗೆ ತಣ್ಣೀರು ಸಾಕಾಗುವಲ್ಲಿ ರೊಟ್ಟಿಗೆ ಕುದಿನೀರೇಕೆ? ಇದನ್ನು ತಿಳಿಯಲು ಒಂದು ಪ್ರಯೋಗ ಮಾಡಿ ನೋಡಿರಿ. ಗೋಧಿಹಿಟ್ಟಿನ ಒಂದು ಉಂಡೆಯನ್ನೂ ಸಜ್ಜೆಹಿಟ್ಟಿನ ಒಂದು ಉಂಡೆಯನ್ನೂ ತಣ್ಣೀರಿನಲ್ಲಿ ಕಲಸಿ, ಅರ್ಧ ಗಂಟೆ ಬಿಟ್ಟು, ಬೇರೆ ಬೇರೆ ಬೋಗುಣಿಗಳ ನೀರಿನಲ್ಲಿ ಮೆಲ್ಲಗೆ ಹಿಸುಕಿ ತೊಳೆಯಿರಿ. ಗೋಧಿಯ ಪಿಷ್ಟವು ಹಾಲಿನಂತೆ ನೀರಿಗಿಳಿದು, ಕೈಯಲ್ಲಿ ರಬ್ಬರಿನಂತೆ ಹಿಗ್ಗುವ ಬೂದುಬಣ್ಣದ ಅಂಟು ಉಳಿಯುತ್ತದೆ. ಇದೇ ಗ್ಲೂಟೆನ್. ಇಟಲಿಯ ಬೊಲೋನ್ಯದ ಬೆಕ್ಕಾರಿ ಎಂಬ ಪಂಡಿತನು ಹೀಗೆಯೇ ತೊಳೆದು ಇದನ್ನು ಬೇರ್ಪಡಿಸಿದ ವಿವರ 1745ರಲ್ಲಿ ಅಚ್ಚಾಯಿತು. ಸಜ್ಜೆಯ ಉಂಡೆಯಾದರೋ ಪೂರ್ಣವಾಗಿ ಕರಗಿ ಚದರಿಹೋಗುತ್ತದೆ. ಅದರಲ್ಲಿ ಗ್ಲೂಟೆನ್ ಇಲ್ಲ. ಹಿಟ್ಟನ್ನು ಹಿಡಿದಿಡಲು ಬೇರೊಂದು ಅಂಟು ಬೇಕು. ಸುಮಾರು 70 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಪಿಷ್ಟದ ಕಣಗಳು ನೀರು ಕುಡಿದು ಉಬ್ಬಿ ಸರಿಯಂತಾಗುತ್ತವೆ. ಕುದಿನೀರು ಹಿಟ್ಟಿನ ಒಂದು ಭಾಗವನ್ನು ಹೀಗೆ ಸರಿಯಾಗಿ ಮಾಡಿ, ಉಳಿದ ಹಿಟ್ಟನ್ನು ಅಂಟಿಸುತ್ತದೆ. ನೇಕಾರರ ಊರಿನ ಮಕ್ಕಳಿಗೆ ಇದು ಹೊಸದೇನಲ್ಲ. ಹತ್ತಿಯ ನೂಲಿಗೆ ಗಂಜಿ ಹಾಕುವಾಗ ದುಡಿಯುವುದೂ ಇದೇ ಪಿಷ್ಟವೇ.

ಉಸುಳಿಯೂ ನಿಂಬೆರಸವೂ

ಸಜ್ಜೆಯಲ್ಲಿ ಕಬ್ಬಿಣವಿದೆಯೆಂದ ಮಾತ್ರಕ್ಕೆ ಅದೆಲ್ಲವೂ ರಕ್ತಕ್ಕೆ ಸೇರಿತೆಂದು ತಿಳಿಯಬಾರದು. ಧಾನ್ಯಗಳಲ್ಲಿರುವ ಫೈಟಿಕ್ ಆಮ್ಲವು ಕಬ್ಬಿಣವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಕರುಳು ಅದನ್ನು ಹೀರಲಾರದು. ಈ ಹಿಡಿತವನ್ನು ಸಡಿಲಿಸಲು ಎರಡು ಉಪಾಯಗಳುಂಟು. ಒಂದು, ಮೊಳಕೆ ಕಟ್ಟುವುದು; ಮೊಳೆಯುವ ಕಾಳಿನಲ್ಲಿ ಎಚ್ಚರಗೊಳ್ಳುವ ಕಿಣ್ವವು ಫೈಟಿಕ್ ಆಮ್ಲವನ್ನು ಒಡೆಯುತ್ತದೆ. ಇನ್ನೊಂದು, ಊಟದೊಡನೆ ‘ಸಿ’ ಜೀವಸತ್ವವನ್ನು ಸೇರಿಸುವುದು. ಅದು ಕಬ್ಬಿಣವನ್ನು ಕರುಳು ಹೀರಬಲ್ಲ ರೂಪಕ್ಕೆ ತರುತ್ತದೆ. ಚರಗದ ಬುತ್ತಿಯ ಉಸುಳಿಯಲ್ಲಿ ಈ ಎರಡು ಉಪಾಯಗಳನ್ನೂ ಕೂಡಿಸಬಹುದು.

ಒಂದು ಬಟ್ಟಲು ಮಡಿಕೆಕಾಳನ್ನು ಎಂಟು ಗಂಟೆ ನೆನೆಸಿ, ನೀರು ಬಸಿದು, ತೇವದ ಬಟ್ಟೆಯಲ್ಲಿ ಒಂದು ದಿನ ಕಟ್ಟಿಡಬೇಕು. ಮೊಳಕೆ ಕಾಲು ಅಂಗುಲ ಬಂದಾಗ ಸ್ವಲ್ಪ ನೀರಿನಲ್ಲಿ ಮೆತ್ತಗಾಗುವಂತೆ ಬೇಯಿಸಿ, ಸಾಸಿವೆ, ಜೀರಿಗೆ, ಉಳ್ಳಾಗಡ್ಡಿ, ಅರಿಸಿನಗಳ ಒಗ್ಗರಣೆ ಕೊಟ್ಟು ಉಪ್ಪು ಹಾಕಬೇಕು. ಒಲೆಯಿಂದ ಇಳಿಸಿದ ಮೇಲೆಯೇ ನಿಂಬೆಯ ರಸವನ್ನು ಹಿಂಡಬೇಕು, ಏಕೆಂದರೆ ‘ಸಿ’ ಜೀವಸತ್ವವು ಬಿಸಿಗೆ ನಾಶವಾಗುವಂಥದು. ಮೇಲೆ ಒಣಕೊಬ್ಬರಿಯ ತುರಿ ಉದುರಿಸಿದರೆ ಮಕ್ಕಳು ಎರಡನೆಯ ಸಲ ಕೇಳುತ್ತಾರೆ. ರೊಟ್ಟಿಯೊಡನೆ ಚಹಾ ಕೊಡುವ ಪದ್ಧತಿಯನ್ನು ಮಾತ್ರ ಬಿಡತಕ್ಕದ್ದು. ಚಹಾದ ಒಗರು ವಸ್ತುಗಳು ಕಬ್ಬಿಣವನ್ನು ಮತ್ತೆ ಕಟ್ಟಿಹಾಕುತ್ತವೆ. ನಿಂಬೆ ಮಾಡಿದ ಉಪಕಾರವನ್ನು ಅವು ಅಳಿಸಿಬಿಡುತ್ತವೆ.

ರೊಟ್ಟಿ ಮತ್ತು ಉಸುಳಿಗಳ ಜೋಡಿಯಲ್ಲಿ ಇನ್ನೊಂದು ಗುಟ್ಟಿದೆ. ಸಸಾರಜನಕವು ಅಮೈನೊ ಆಮ್ಲಗಳೆಂಬ ಘಟಕಗಳಿಂದಾದುದು. ಅಮೆರಿಕದ ಆಸ್‌ಬರ್ನ್ ಮತ್ತು ಮೆಂಡೆಲ್ ಎಂಬ ವಿಜ್ಞಾನಿಗಳು 1914ರಲ್ಲಿ, ಮೆಕ್ಕೆಜೋಳದ ಒಂದೇ ಸಸಾರಜನಕವನ್ನು ತಿಂದ ಇಲಿಗಳು ಬೆಳೆಯಲಾರವೆಂದೂ, ಅದರಲ್ಲಿಲ್ಲದ ಲೈಸಿನ್ ಮತ್ತು ಟ್ರಿಪ್ಟೊಫೇನ್‌ಗಳನ್ನು ಕೂಡಿಸಿದರೆ ಬೆಳೆಯುತ್ತವೆಂದೂ ತೋರಿಸಿದರು. ಸಜ್ಜೆ, ಜೋಳಗಳಲ್ಲಿ ಲೈಸಿನ್ ಕಡಮೆ; ಕಾಳುಗಳಲ್ಲಿ ಅದು ಧಾರಾಳ. ಕಾಳುಗಳಲ್ಲಿ ಕಡಮೆಯಿರುವ ಮೀಥಿಯೊನಿನ್ ಎಳ್ಳಿನಲ್ಲಿ ಸಮೃದ್ಧ. ಒಂದರ ಕೊರತೆಯನ್ನು ಇನ್ನೊಂದು ತುಂಬುವ ಈ ಕೂಟವನ್ನು ನಮ್ಮ ರೈತ ಹೆಂಗಸರು ರುಚಿಯ ದಾರಿಯಿಂದಲೇ ಕಂಡುಕೊಂಡರು.

ಖಾರಕ್ಕೆ ಮೊಸರು

ಈ ಸೀಮೆಯ ಅಡುಗೆ ಖಾರಕ್ಕೆ ಹೆಸರಾದುದು. ಮಕ್ಕಳು ಊಟದಿಂದ ಏಳುವುದಕ್ಕೆ ಅದೂ ಒಂದು ಕಾರಣ. ಖಾರ ತಿಂದು ನೀರು ಕುಡಿದರೆ ಉರಿ ಆರುವುದಿಲ್ಲ, ಏಕೆಂದರೆ ಮೆಣಸಿನಕಾಯಿಯ ಖಾರವಾದ ಕ್ಯಾಪ್ಸೇಸಿನ್ ನೀರಿನಲ್ಲಿ ಕರಗುವುದು ಅತ್ಯಲ್ಪ. ಅದು ಕರಗುವುದು ಕೊಬ್ಬಿನಲ್ಲಿ. ಹಾಲಿನ ಕೇಸೀನ್ ಎಂಬ ಸಸಾರಜನಕವೂ ಅದನ್ನು ನಾಲಗೆಯಿಂದ ಬಿಡಿಸಿ ಒಯ್ಯುತ್ತದೆ. ಬುತ್ತಿಯಲ್ಲಿ ಶೇಂಗಾ ಹಿಂಡಿಯ ಪಕ್ಕದಲ್ಲಿ ಕೆನೆಮೊಸರು ಇರುವುದು ಇದಕ್ಕೇ ತಕ್ಕುದು. ಮಕ್ಕಳಿಗೆ ಹಿಂಡಿಯನ್ನು ಮೊಸರಿನಲ್ಲಿ ಕಲಸಿಯೇ ಬಡಿಸಬೇಕು.

ಶೇಂಗಾ ಹೋಳಿಗೆ

ಶೇಂಗಾ ಬೀಜ ಎರಡು ಬಟ್ಟಲು, ಪುಡಿಮಾಡಿದ ಬೆಲ್ಲ ಒಂದೂಕಾಲು ಬಟ್ಟಲು, ಹುರಿದ ಎಳ್ಳು ಎರಡು ಚಮಚ, ಏಲಕ್ಕಿ. ಕಣಕಕ್ಕೆ ಗೋಧಿಹಿಟ್ಟು ಒಂದೂವರೆ ಬಟ್ಟಲು. ಶೇಂಗಾವನ್ನು ಸಣ್ಣ ಉರಿಯಲ್ಲಿ ಹುರಿದು ಸಿಪ್ಪೆ ಉಜ್ಜಿ ತೆಗೆದು, ಬೆಲ್ಲದೊಡನೆ ಕುಟ್ಟಿ, ಎಳ್ಳು ಏಲಕ್ಕಿ ಸೇರಿಸಿ, ನೀರು ಚಿಮುಕಿಸಿ ಉಂಡೆ ಕಟ್ಟಬೇಕು. ಮೃದುವಾಗಿ ನಾದಿದ ಕಣಕವನ್ನು ಅರ್ಧ ಗಂಟೆ ಬಿಟ್ಟರೆ ಬಿಗಿದ ಗ್ಲೂಟೆನ್ ಸಡಿಲಗೊಂಡು ಲಟ್ಟಿಸುವಾಗ ಹರಿಯುವುದಿಲ್ಲ. ಹೂರಣ ತುಂಬಿ ಲಟ್ಟಿಸಿ, ತುಪ್ಪ ಸವರಿ ಬೇಯಿಸಿದರೆ ಹೋಳಿಗೆ ಸಿದ್ಧ. ಹುರಿಯುವಾಗ ಏಳುವ ಆ ಘಮವು ಸಕ್ಕರೆ ಮತ್ತು ಅಮೈನೊ ಆಮ್ಲಗಳು ಕೂಡಿ ಹುಟ್ಟಿಸುವುದು. ಆ ಕ್ರಿಯೆಯನ್ನು ಫ್ರಾನ್ಸಿನ ಮೇಯಾರ್ 1912ರಲ್ಲಿ ವಿವರಿಸಿದನು. ಹೂರಣದಲ್ಲಿರುವ ಅಲ್ಪ ನೀರನ್ನು ಬೆಲ್ಲ ಹಿಡಿದಿಡುವುದರಿಂದ ಸೂಕ್ಷ್ಮಜೀವಿಗಳಿಗೆ ಅದು ದಕ್ಕದೆ, ಈ ಹೋಳಿಗೆ ಹಲವು ದಿನ ಕೆಡದೆ ಉಳಿಯುತ್ತದೆ. ಕಮತಗಿಗೆ ನೆರೆಯೂರಾದ ಅಮೀನಗಡದ ಹೆಸರಾಂತ ಕರದಂಟು ಬಾಳುವುದೂ ಇದೇ ತತ್ತ್ವದಿಂದ.

ಇಲ್ಲೊಂದು ಎಚ್ಚರಿಕೆ ಅಗತ್ಯ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಹುಡುಕಿದಾಗ ಅವು ತಿಂದ ಶೇಂಗಾ ಹಿಂಡಿಯಲ್ಲಿ ಬೂಷ್ಟು ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಬಿಟ್ಟಿದ್ದುದು ಗೊತ್ತಾಯಿತು. ಈ ವಿಷ ಯಕೃತ್ತಿಗೆ ಮಾರಕ. ಹುರಿದರೂ ಪೂರ್ಣವಾಗಿ ಹೋಗದು. ಶರತ್ಕಾಲದ ಹಿಂದುಳಿದ ಮಳೆ ಕಿತ್ತ ಶೇಂಗಾವನ್ನು ತೋಯಿಸುವುದುಂಟು. ಆದ್ದರಿಂದ ಕಾಯನ್ನು ಬಿಸಿಲಿಗೆ ಗಲಗಲ ಎನ್ನುವಂತೆ ಒಣಗಿಸಬೇಕು. ಮುರುಟಿದ, ಬಣ್ಣಗೆಟ್ಟ, ಬೂಷ್ಟು ಹಿಡಿದ ಬೀಜಗಳನ್ನು ಆರಿಸಿ ಎಸೆಯಬೇಕು. ಈ ಕೆಲಸದಲ್ಲಿ ಮಕ್ಕಳ ಕಣ್ಣು ಬಹು ಚುರುಕು. ಇನ್ನು, ಎಳೆಯ ಮಕ್ಕಳಿಗೆ ಇಡಿ ಬೀಜ ಕೊಡಲಾಗದು. ಅದು ಉಸಿರುನಾಳಕ್ಕೆ ಸಿಕ್ಕಿಕೊಳ್ಳುವ ಭಯವಿದೆ. ಕುಟ್ಟಿದ ಹೂರಣಕ್ಕೆ ಆ ಅಪಾಯವಿಲ್ಲ.

ರೊಟ್ಟಿ ಉಳಿದರೆ

ಉಳಿದ ಸಜ್ಜೆಯ ರೊಟ್ಟಿಯನ್ನು ಪುಡಿಮಾಡಿ, ಬೆಲ್ಲ, ಹುರಿಗಡಲೆ, ಕೊಬ್ಬರಿ, ಏಲಕ್ಕಿ ಕೂಡಿಸಿದರೆ ಮಾದಲಿಯಾಗುತ್ತದೆ. ಬಿಸಿ ಹಾಲು ಹಾಕಿಕೊಟ್ಟರೆ ರೊಟ್ಟಿಯನ್ನು ಒಲ್ಲೆನೆಂದ ಮಗುವೂ ಬಟ್ಟಲನ್ನು ಬರಿದು ಮಾಡುತ್ತದೆ.

ವಿಶ್ವಸಂಸ್ಥೆಯು 2023ನೆಯ ಇಸವಿಯನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಆದರೆ ಸಜ್ಜೆ ಉಳಿಯುವುದೂ ಅಳಿಯುವುದೂ ಘೋಷಣೆಗಳಿಂದಲ್ಲ. ಮನೆಯ ಮಕ್ಕಳ ತಟ್ಟೆಯಲ್ಲಿ ಅದು ತೀರ್ಮಾನವಾಗುತ್ತದೆ. ತಾಜಾ ಹಿಟ್ಟು, ಕುದಿಯುವ ನೀರು, ಮೊಳಕೆ ಬಂದ ಕಾಳು, ಒಂದು ಹೋಳು ನಿಂಬೆ—ಇವು ದುಬಾರಿಯ ವಸ್ತುಗಳಲ್ಲ. ಬರುವ ಶೀಗಿ ಹುಣ್ಣಿಮೆಗೆ ನಮ್ಮ ವಿದ್ಯಾರ್ಥಿ ಮಿತ್ರರು ಬರಿಯ ಉಣ್ಣುವವರಾಗದೆ, ಒಲೆಯ ಮುಂದೆ ಕುಳಿತು ತಾಯಿಗೆ ನೆರವಾಗಲಿ. ಅಲ್ಲಿ ಅವರಿಗೆ ಒಂದು ಪ್ರಯೋಗಶಾಲೆ ಕಾಣುವುದು. ಮನೆಯ ಚಿಕ್ಕ ಮಗುವಿಗೆ ಕಹಿಯಿಲ್ಲದ ರೊಟ್ಟಿ ದೊರೆಯುವುದು.