ವಿಂಡೋಸ್ ಡಿಸ್ಕ್ ಹಾಕಿದ್ರೂ ಕಂಪ್ಯೂಟರ್ ಓಡ್ತಿಲ್ವಾ? ಫಾರ್ಮ್ಯಾಟ್‌ಗೆ ಕೊಡೋ ಮುಂಚೆ ಇಷ್ಟು ನೋಡಿ

ಬೆಳಗ್ಗೆ ಅಂಗಡಿ ಬಾಗಿಲು ತೆಗೆದು ಕಂಪ್ಯೂಟರ್ ಆನ್ ಮಾಡಿದ್ರೆ ವಿಂಡೋಸ್ ಬರಲ್ಲ. ಕಪಾಟಿನಲ್ಲಿದ್ದ ವಿಂಡೋಸ್ ಡಿವಿಡಿ ಹಾಕಿದ್ರೆ ಅದೂ ಓಡಲ್ಲ. ಕಪ್ಪು ಪರದೆ ಮೇಲೆ ಬಿಳಿ ಗೆರೆ ಮಿಣುಕ್ತಾ ಇರುತ್ತೆ, ಕೌಂಟರ್ ಮುಂದೆ ಗಿರಾಕಿ ಬಿಲ್‌ಗೆ ಕಾಯ್ತಾ ಇರ್ತಾರೆ.

ನಮ್ಮ ಪೇಟೆಯ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಇತ್ತೀಚೆಗೆ ಹೀಗೇ ಆಯ್ತು. ‘ಮದರ್‌ಬೋರ್ಡ್ ಹೋಗಿದೆ, ಫಾರ್ಮ್ಯಾಟ್ ಮಾಡಿ ನೋಡೋಣ’ ಅಂದರು ರಿಪೇರಿಯವರು. ಕೊನೆಗೆ ನೋಡಿದ್ರೆ ಹೋಗಿದ್ದು ಒಂದು ಚಿಕ್ಕ ಸೆಲ್!

ಜಿಎಸ್‌ಟಿ ಕಾನೂನಿನ ಪ್ರಕಾರ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕು. ಫಾರ್ಮ್ಯಾಟ್ ಮಾಡಿದ್ರೆ ಆ ಲೆಕ್ಕವೇ ಹೋಗಬಹುದು. ಹಾಗಾಗಿ ಅವಸರ ಬೇಡ, ಒಂದೊಂದಾಗಿ ನೋಡಿ.

1. ಕಂಪ್ಯೂಟರ್ ಡಿಸ್ಕ್ ಕಡೆ ನೋಡ್ತಿದೆಯಾ?

ಸಾಮಾನ್ಯವಾಗಿ ಕಂಪ್ಯೂಟರ್ ಮೊದಲು ಹಾರ್ಡ್‌ಡಿಸ್ಕ್‌ನಲ್ಲೇ ವಿಂಡೋಸ್ ಹುಡುಕುತ್ತೆ. ಆನ್ ಮಾಡಿದ ತಕ್ಷಣ ಬೂಟ್ ಮೆನು ಕೀ ಒತ್ತುತ್ತಾ ಇರಿ. ಡೆಲ್, ಲೆನೊವೊದಲ್ಲಿ ಹೆಚ್ಚಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ಬರುವ ಪಟ್ಟಿಯಲ್ಲಿ ಡಿವಿಡಿ ಅಥವಾ ಪೆನ್‌ಡ್ರೈವ್ ಆರಿಸಿ. ಡಿವಿಡಿ ಆದ್ರೆ ‘ಪ್ರೆಸ್ ಎನಿ ಕೀ’ ಅಂತ ಕೆಲವೇ ಸೆಕೆಂಡ್ ಬರುತ್ತೆ, ಆಗಲೇ ಒಂದು ಕೀ ಒತ್ತಬೇಕು. ವೈರ್‌ಲೆಸ್ ಕೀಬೋರ್ಡ್ ಈ ಹಂತದಲ್ಲಿ ಕೈಕೊಡೋದುಂಟು. ವೈರ್ ಇರೋದನ್ನೇ ಹಾಕಿ.

2. ಡಿಸ್ಕ್ ಸರಿಯಾಗಿ ತಯಾರಾಗಿದೆಯಾ?

ಡಿವಿಡಿಯನ್ನು ಬೇರೆ ಕಂಪ್ಯೂಟರ್‌ನಲ್ಲಿ ತೆರೆದು ನೋಡಿ. ಒಳಗೆ ಒಂದೇ ಒಂದು ಐಎಸ್‌ಒ ಫೈಲ್ ಇದ್ರೆ ಅದು ಬರೀ ಕಾಪಿ, ಅದರಿಂದ ಕಂಪ್ಯೂಟರ್ ಶುರುವಾಗಲ್ಲ. ‘ಬೂಟ್’, ‘ಸೋರ್ಸಸ್’ ಅನ್ನೋ ಫೋಲ್ಡರ್‌ಗಳು ಕಾಣಬೇಕು. ಹೊಸ ವಿಂಡೋಸ್ ಫೈಲ್ 4.7 ಜಿಬಿಯ ಸಾಮಾನ್ಯ ಡಿವಿಡಿಗೆ ಹಿಡಿಯೋದೂ ಇಲ್ಲ. 8 ಜಿಬಿ ಪೆನ್‌ಡ್ರೈವ್ ತಗೊಂಡು, ಮೈಕ್ರೋಸಾಫ್ಟ್ ವೆಬ್‌ಸೈಟ್‌ನ ಮೀಡಿಯಾ ಕ್ರಿಯೇಶನ್ ಟೂಲ್‌ನಿಂದ ತಯಾರು ಮಾಡೋದು ಸುಲಭ. ಆದ್ರೆ ಪೆನ್‌ಡ್ರೈವ್‌ನಲ್ಲಿ ಮೊದಲು ಇದ್ದದ್ದೆಲ್ಲ ಅಳಿಸಿಹೋಗುತ್ತೆ, ನೆನಪಿರಲಿ.

3. ಯುಇಎಫ್‌ಐ, ಲೆಗಸಿ ಗೊಂದಲ

ಕಂಪ್ಯೂಟರ್ ಶುರುವಾಗೋಕೆ ಎರಡು ವಿಧಾನ ಇವೆ. ಹಳೆಯದು ಲೆಗಸಿ, ಹೊಸದು ಯುಇಎಫ್‌ಐ. ವಿಂಡೋಸ್ 7ರ ಹಳೇ ಡಿಸ್ಕ್ ಅನೇಕ ಹೊಸ ಯಂತ್ರಗಳಲ್ಲಿ ಓಡದಿರೋದು ಇದಕ್ಕೇ. ಡಿಸ್ಕ್ ಓಡಿದ ಮೇಲೂ ‘ಜಿಪಿಟಿ ಡಿಸ್ಕ್‌ಗೆ ವಿಂಡೋಸ್ ಹಾಕಲಾಗದು’ ಅನ್ನೋ ಅರ್ಥದ ಸಂದೇಶ ಬಂದ್ರೆ ಪಾರ್ಟಿಷನ್ ಡಿಲೀಟ್ ಮಾಡೋಕೆ ಹೋಗಬೇಡಿ. ಡೇಟಾ ಹೋಗೋದು ಅಲ್ಲೇ! ರೀಸ್ಟಾರ್ಟ್ ಮಾಡಿ, ಬೂಟ್ ಮೆನುವಿನಲ್ಲಿ ಹೆಸರಿನ ಮುಂದೆ ‘ಯುಇಎಫ್‌ಐ’ ಅಂತ ಇರೋದನ್ನ ಆರಿಸಿ.

4. ತಾರೀಕು ಸರಿ ಇದೆಯಾ?

ಮದರ್‌ಬೋರ್ಡ್ ಮೇಲೆ ನಾಣ್ಯದಂಥ ಒಂದು ಸೆಲ್ ಇರುತ್ತೆ. ಡೆಸ್ಕ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಸಿಆರ್2032, 3 ವೋಲ್ಟ್. ಅದು ಸತ್ತರೆ ಪ್ಲಗ್ ತೆಗೆದಾಗಲೆಲ್ಲ ತಾರೀಕು ವರ್ಷಗಟ್ಟಲೆ ಹಿಂದಕ್ಕೆ ಹೋಗುತ್ತೆ, ಬೂಟ್ ಸೆಟ್ಟಿಂಗ್ ಕೂಡ ಕಂಪನಿಯಿಂದ ಬಂದ ಹಾಗೆ ಆಗಬಹುದು. ಹಾರ್ಡ್‌ವೇರ್ ಅಂಗಡಿಯಲ್ಲಿ ಆಗಿದ್ದೂ ಇದೇ. ಸೆಲ್ ಬದಲಿಸಿ, ತಾರೀಕು ಸರಿ ಮಾಡಿ, ಮೊದಲಿದ್ದ ಬೂಟ್ ಮೋಡ್ ಇಟ್ಟ ಕೂಡಲೇ ಹಳೇ ವಿಂಡೋಸ್ ತಾನಾಗೇ ಬಂತು. ಡಿಸ್ಕ್ ಬೇಕೇ ಆಗಲಿಲ್ಲ.

ಡಿಸ್ಕ್ ಓಡಿದ ಮೇಲೆ

ತಕ್ಷಣ ‘ಇನ್‌ಸ್ಟಾಲ್’ ಒತ್ತಬೇಡಿ. ಮೊದಲು ‘ರಿಪೇರ್ ಯುವರ್ ಕಂಪ್ಯೂಟರ್’ ಒಳಗಿನ ‘ಸ್ಟಾರ್ಟಪ್ ರಿಪೇರ್’ ಪ್ರಯತ್ನಿಸಿ. ಅದೂ ಆಗದಿದ್ರೆ ಹಾರ್ಡ್‌ಡಿಸ್ಕ್ ಬಿಚ್ಚಿಸಿ, ಬೇರೆ ಕಂಪ್ಯೂಟರ್‌ಗೆ ಸೇರಿಸಿ, ಟ್ಯಾಲಿ ಡೇಟಾ ಫೋಲ್ಡರ್, ಬಿಲ್, ಫೋಟೋ ಎಲ್ಲ ಕಾಪಿ ಮಾಡಿಸಿಕೊಳ್ಳಿ. ಲ್ಯಾಪ್‌ಟಾಪ್‌ನಲ್ಲಿ ಬಿಟ್‌ಲಾಕರ್ ಇದ್ರೆ 48 ಅಂಕಿಯ ರಿಕವರಿ ಕೀ ಕೇಳಬಹುದು. ಅದು ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲೇ ಸಿಗುತ್ತೆ.

ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಹೊಸ ವಿಂಡೋಸ್ ಹಾಕಿಸೋಕೆ ಅಂಗಡಿಯವರು ಕಂಪ್ಯೂಟರ್ ಹೊತ್ತು ಓಡಾಡೋದು ಜಾಸ್ತಿಯಾಗಿದೆ. ರಿಪೇರಿಗೆ ಕೊಡುವಾಗ ಒಂದು ಮಾತು ಸ್ಪಷ್ಟವಾಗಿ ಹೇಳಿ: ‘ಡೇಟಾ ತೆಗೆದು ನನಗೆ ತೋರಿಸಿದ ಮೇಲೇ ಫಾರ್ಮ್ಯಾಟ್ ಮಾಡಿ.’ ವಿಂಡೋಸ್ ಯಾವಾಗ ಬೇಕಾದ್ರೂ ಹಾಕಬಹುದು, ಹೋದ ಲೆಕ್ಕ ವಾಪಸ್ ಬರೋದು ಕಷ್ಟ.